ಸಾಮಾನಿನ ಟ್ರೇಲರನ್ನು ಮಲಗುವ ಗಾಡಿಯಾಗಿಸುವ ಬಗೆ: ಉಪ್ಪುಗಾಳಿಗೂ ಘಟ್ಟದ ದಾರಿಗೂ ಒಗ್ಗುವಂತೆ

ಎರಡು ಚಕ್ರದ ಸಣ್ಣ ಟ್ರೇಲರುಗಳು ಉತ್ತರ ಕನ್ನಡಕ್ಕೆ ಹೊಸವಲ್ಲ. ಒಂದು ಕಾಲಕ್ಕೆ ಜೀಪಿನ ಹಿಂದೆ ಕಟ್ಟಿಕೊಂಡು ತೋಟಕ್ಕೆ ಗೊಬ್ಬರ ಸಾಗಿಸಿದ, ಕೊಯ್ಲಿನಲ್ಲಿ ಅಡಿಕೆ ಗೊನೆ ಹೊತ್ತು ತಂದ ಟ್ರೇಲರುಗಳು ಪಿಕಪ್ ವಾಹನ ಬಂದ ಮೇಲೆ ಕೊಟ್ಟಿಗೆಯ ಪಕ್ಕದಲ್ಲಿ ಮೂಕಿಯನ್ನು (ಎಳೆಯುವ ವಾಹನಕ್ಕೆ ಸಿಕ್ಕಿಸುವ ಮುಂದಿನ ದಂಡವನ್ನು) ನೆಲಕ್ಕೂರಿ ನಿಂತಿರುವುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗಲೂ ಕಾಣಬಹುದು. ಅಂಥದ್ದೊಂದು ಟ್ರೇಲರಿನ ಮೇಲೆ ಇಬ್ಬರು ನೆಟ್ಟಗೆ ಮಲಗುವಷ್ಟು ಅಗಲದ, ಹಿಂಬದಿಯಲ್ಲಿ ಚಹಾ ಕಾಸಿಕೊಳ್ಳುವಷ್ಟು ಅನುಕೂಲವಿರುವ, ಮಳೆ ಬಂದರೂ ಒದ್ದೆಯಾಗದ ಒಂದು ಗೂಡನ್ನು ಕಟ್ಟಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಾನು ಇಂಥ ಗಾಡಿಯನ್ನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯದನ್ನು ಒಂದೇ ಮಳೆಗಾಲ ನುಂಗಿತು. ಎರಡನೆಯದು ಇನ್ನೂ ಓಡಾಡುತ್ತಿದೆ. ಎರಡರ ನಡುವೆ ನಾನು ಕಲಿತದ್ದು ಇಷ್ಟು: ಘಟ್ಟದ ಕೆಳಗೆ ನೀರು, ಘಟ್ಟದಲ್ಲಿ ತೂಕ. ಈ ಎರಡನ್ನು ಸಂಭಾಳಿಸಿದರೆ ಉಳಿದ ಸೌಕರ್ಯಗಳನ್ನು ಯಾವಾಗ ಬೇಕಾದರೂ ಸೇರಿಸಿಕೊಳ್ಳಬಹುದು.

ಕಾಗದಪತ್ರದಿಂದಲೇ ಆರಂಭಿಸಬೇಕು. ಕಾನೂನಿನ ದೃಷ್ಟಿಯಲ್ಲಿ ಟ್ರೇಲರ್ ಎಂಬುದು ಎಳೆಯುವ ವಾಹನದ ಬಾಲವಲ್ಲ. ಅದು ತನ್ನದೇ ನೋಂದಣಿ ಸಂಖ್ಯೆಯುಳ್ಳ ಪ್ರತ್ಯೇಕ ವಾಹನ. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ, ನೋಂದಣಿಯೇ ಇಲ್ಲದ ಟ್ರೇಲರು ತೋಟದ ದಾರಿಗೆ ಸರಿಹೋದೀತು, ಹೆದ್ದಾರಿಗೆ ಸಲ್ಲದು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ತೆರೆದ ತೊಟ್ಟಿಯ ಮೇಲೆ ಮುಚ್ಚಿದ ಗೂಡನ್ನು ಕಟ್ಟುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ಕಬ್ಬಿಣ ಕತ್ತರಿಸುವ ಮೊದಲೇ, ಅಳತೆ ಬರೆದ ಒಂದು ಸರಳ ನಕ್ಷೆಯೊಂದಿಗೆ ನಿಮ್ಮ ಟ್ರೇಲರು ನೋಂದಣಿಯಾಗಿರುವ ಕಚೇರಿಗೆ, ಎಂದರೆ ಕಾರವಾರ, ಶಿರಸಿ, ಹೊನ್ನಾವರ ಅಥವಾ ದಾಂಡೇಲಿಯ ಸಾರಿಗೆ ಕಚೇರಿಗೆ, ಹೋಗಿ ಯಾವುದಕ್ಕೆ ಒಪ್ಪಿಗೆ ಬೇಕು, ಯಾವುದಕ್ಕೆ ಬೇಡ ಎಂದು ವಿಚಾರಿಸಿ ಬರಹದಲ್ಲಿ ಪಡೆಯಿರಿ. ತೊಟ್ಟಿಗೆ ಬೆಸುಗೆ ಹಾಕದೆ, ಬೋಲ್ಟು ಬಿಚ್ಚಿದರೆ ಇಡಿಯಾಗಿ ಎತ್ತಿಡಬಹುದಾದ ಗೂಡನ್ನು ಮಾಡುವುದು ನನಗೆ ಹೆಚ್ಚು ಸರಿ ಕಂಡಿದೆ. ಅದರಿಂದ ಒಪ್ಪಿಗೆಯ ಅಗತ್ಯ ತಪ್ಪುತ್ತದೆಂದು ಭಾವಿಸಬಾರದು. ದುರಸ್ತಿಗೆ ಮಾತ್ರ ಬಹಳ ಅನುಕೂಲ.

ಅಲ್ಲಿಯೇ ಇನ್ನೊಂದು ಸಂಗತಿಯನ್ನೂ ನೋಡಿಕೊಳ್ಳಿ. ಎಳೆಯುವ ವಾಹನದ ಕೈಪಿಡಿಯಲ್ಲಿ ಅದು ಎಷ್ಟು ಭಾರವನ್ನು ಎಳೆಯಬಲ್ಲದೆಂದು ಬರೆದಿರುತ್ತದೆ. ಕೆಲವು ಕಾರುಗಳ ಕೈಪಿಡಿಯಲ್ಲಿ ಎಳೆಯಲೇಬಾರದೆಂದು ಸ್ಪಷ್ಟವಾಗಿ ನಮೂದಿಸಿರುತ್ತಾರೆ. ಅಂಥ ಕಾರಿಗೆ ಕೊಕ್ಕೆ ಹಾಕಿಕೊಡುವ ಅಂಗಡಿ ಸಿಕ್ಕಿತೆಂದು ಧೈರ್ಯ ತಂದುಕೊಳ್ಳಬಾರದು. ಕೊಕ್ಕೆಯ ಬುಡವು ವಾಹನದ ಚಾಸಿಗೆ ಬೋಲ್ಟಾಗಿರಬೇಕೇ ಹೊರತು ಬಂಪರಿಗಲ್ಲ.

ಹಳೆಯ ಟ್ರೇಲರು ಕೊಳ್ಳುವಾಗ

ಬಣ್ಣ ನೋಡಿ ಮರುಳಾಗದೆ ಕೆಳಗೆ ಗೋಣಿತಾಟು ಹಾಸಿಕೊಂಡು ಮಲಗಿ ನೋಡಬೇಕು. ಗೊಬ್ಬರ ಹೊತ್ತ ಟ್ರೇಲರುಗಳ ತೊಟ್ಟಿಯ ನಾಲ್ಕು ಮೂಲೆಗಳಲ್ಲಿ ಮತ್ತು ತಗಡು ಚಾಸಿಯ ಮೇಲೆ ಕೂರುವ ಗೆರೆಯುದ್ದಕ್ಕೂ ತುಕ್ಕು ಒಳಗೊಳಗೇ ತಿಂದಿರುತ್ತದೆ. ಒಂದು ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಗೇಣಿಗೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ತುಕ್ಕು ತಿಂದದ್ದು ಒಡೆದ ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ತೊಟ್ಟಿಯ ತಗಡು ಹೋಗಿದ್ದರೆ ಚಿಂತೆಯಿಲ್ಲ, ಅದನ್ನು ಬದಲಿಸಬಹುದು. ಆದರೆ ಮೂಕಿಯ ಬುಡ ಮತ್ತು ಪಾಟಾ (ಪಟ್ಟಿ ಸ್ಪ್ರಿಂಗು) ಹಿಡಿದಿರುವ ಬ್ರಾಕೆಟ್ಟಿನ ಸುತ್ತ ಚಾಸಿಯೇ ತೆಳುವಾಗಿದ್ದರೆ ಆ ಟ್ರೇಲರನ್ನು ಬಿಟ್ಟು ಬರುವುದು ಒಳ್ಳೆಯದು.

ಚಕ್ರಗಳನ್ನು ಜ್ಯಾಕಿನಲ್ಲಿ ಎತ್ತಿ ಕೈಯಿಂದ ತಿರುಗಿಸಿದಾಗ ಕರಕರ ಎಂದರೆ ಬೇರಿಂಗ್ ಹೋಗಿದೆ ಎಂದರ್ಥ. ಹೋಗಿರಲಿ, ಬಿಡಲಿ, ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು, ಒಣಗಿಸಿ, ಹೊಸ ಗ್ರೀಸನ್ನು ರೋಲರುಗಳ ನಡುವೆ ಒತ್ತಿ ತುಂಬಿ, ಆಯಿಲ್ ಸೀಲನ್ನು ಬದಲಿಸಿಯೇ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಟಯರಿನ ಪಕ್ಕೆಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ನಿಂತಲ್ಲೇ ನಿಂತ ಟ್ರೇಲರಿನ ಟಯರು ಸವೆಯುವುದಿಲ್ಲ, ಬಿರಿಯುತ್ತದೆ. ಹಲ್ಲು ತುಂಬ ಇದ್ದರೂ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಬದಲಿಸಿ.

ಚಾಸಿಯನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಸಡಿಲ ತುಕ್ಕನ್ನೆಲ್ಲ ಉದುರಿಸಿ, ತಳಕ್ಕಂಟಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ ಒಂದು ದಿನ ಬಿಡಬೇಕು. ಅದರ ಮೇಲೆ ಬರೀ ರೆಡ್ ಆಕ್ಸೈಡ್ ಬಳಿದು ಮುಗಿಸುವ ರೂಢಿ ಘಟ್ಟದ ಮೇಲೆ ನಡೆದೀತು. ಕಡಲಿನ ಮಗ್ಗುಲಿಗೆ ಸತುವು ತುಂಬಿದ ಎಪಾಕ್ಸಿ ಪ್ರೈಮರೇ ಬೇಕು. ಕಬ್ಬಿಣಕ್ಕೆ ಗೀರು ಬಿದ್ದರೂ ಸತುವು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಪೆಟ್ಟಿಗೆ ಆಕಾರದ ಚಾಸಿಯ ತಳದಲ್ಲಿ ನೀರಿಳಿಯುವ ತೂತುಗಳು ಇಲ್ಲದಿದ್ದರೆ ಎಂಟು ಮಿ.ಮೀ. ಡ್ರಿಲ್ಲಿನಿಂದ ಅತಿ ತಗ್ಗಿನ ಜಾಗಗಳಲ್ಲಿ ಕೊರೆದು, ಕೊರೆದ ಅಂಚಿಗೂ ಪ್ರೈಮರ್ ಮುಟ್ಟಿಸಿ.

ತೂಕದ ಲೆಕ್ಕ

ಗೂಡಿನ ಚಿತ್ರ ಬರೆಯುವ ಮೊದಲು ಒಂದು ಹಾಳೆಯಲ್ಲಿ ತೂಕಗಳನ್ನು ಬರೆದುಕೊಳ್ಳಿ. ನನ್ನ ಎರಡನೆಯ ಗಾಡಿಯ ಲೆಕ್ಕವನ್ನೇ ಕೊಡುತ್ತೇನೆ. ಖಾಲಿ ಟ್ರೇಲರು 180 ಕಿಲೋ. ಒಂದಿಂಚಿನ ಸ್ಕ್ವೇರ್ ಪೈಪು 16 ಗೇಜಿನದಾದರೆ ಮೀಟರಿಗೆ ಹೆಚ್ಚುಕಡಿಮೆ 1.15 ಕಿಲೋ, 18 ಗೇಜಿನದಾದರೆ 0.9 ಕಿಲೋ, ಗೂಡಿಗೆ ಹಿಡಿದ ಪೈಪು ಒಟ್ಟು 33 ಮೀಟರಿನಷ್ಟು, ಎಂದರೆ ಸುಮಾರು 35 ಕಿಲೋ. ಹೊರಗೋಡೆ ಮತ್ತು ಮಾಡಿಗೆ (ಚಾವಣಿಗೆ) ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ 3 ಮಿ.ಮೀ. ಎಸಿಪಿ (ನಡುವೆ ಪ್ಲಾಸ್ಟಿಕ್, ಎರಡೂ ಮೈಗೆ ಅಲ್ಯೂಮಿನಿಯಂ ಇರುವ) ಶೀಟು ನಾಲ್ಕು, ತಲಾ 12 ಕಿಲೋದಂತೆ 48. ನೆಲಕ್ಕೆ 12 ಮಿ.ಮೀ. ಪ್ಲೈವುಡ್ ಒಂದು ಶೀಟು 25. ಬ್ಯಾಟರಿ 6, ಸೋಲಾರ್ ಫಲಕ 8, ಹಾಸಿಗೆ 10, ಕುಡಿಯುವ ನೀರು 20, ಒಲೆ ಮತ್ತು ಪಾತ್ರೆ 10, ಬಟ್ಟೆಬರೆ 15, ಬಿಜಾಗರಿ, ಚಿಲಕ, ಸ್ಕ್ರೂ, ಬಣ್ಣ ಎಲ್ಲ ಸೇರಿ 15. ಒಟ್ಟು 370 ಕಿಲೋ ದಾಟುತ್ತದೆ. ನನ್ನ ಮಿತಿಯನ್ನು ನಾನು 400ಕ್ಕೆ ನಿಲ್ಲಿಸಿಕೊಂಡಿದ್ದೇನೆ. ನಿಮ್ಮ ಮಿತಿ ನಿಮ್ಮ ನೋಂದಣಿ ಪತ್ರದಲ್ಲಿರುವ ಭರ್ತಿ ತೂಕವನ್ನೂ ಎಳೆಯುವ ವಾಹನದ ಶಕ್ತಿಯನ್ನೂ ಅವಲಂಬಿಸಿದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ಈ ಲೆಕ್ಕವನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಮರ ಸುಲಭವಾಗಿ ಕೈಗೆಟಕುತ್ತದೆ, ಒಳ್ಳೆಯ ಆಚಾರಿಗಳೂ ಇದ್ದಾರೆ. ಹಾಗಾಗಿ ಮತ್ತಿ, ಹೊನ್ನೆ, ಹಲಸಿನ ಹಲಗೆಗಳಲ್ಲಿ ಚೆಂದದ ಗೂಡು ಕಟ್ಟುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆ ಮರಗಳು ಮನೆಯ ತೊಲೆಗೆ, ಬಾಗಿಲಿಗೆ ಹೇಳಿದಂಥವು. ಅವುಗಳಲ್ಲಿ ಕಟ್ಟಿದ ಗೂಡು ದೇವಿಮನೆ ಘಟ್ಟದ ಏರಿನಲ್ಲಿ ಎಂಜಿನ್ನನ್ನೂ ಇಳಿಜಾರಿನಲ್ಲಿ ಬ್ರೇಕನ್ನೂ ಸೋಲಿಸುತ್ತದೆ. ಇಷ್ಟು ಸಣ್ಣ ಟ್ರೇಲರಿಗೆ ಸ್ವಂತ ಬ್ರೇಕು ಸಾಮಾನ್ಯವಾಗಿ ಇರುವುದಿಲ್ಲ. ಅದರ ಪೂರ್ತಿ ಭಾರವನ್ನು ಮುಂದಿನ ವಾಹನದ ಬ್ರೇಕೇ ತಡೆಯಬೇಕು.

ಚೌಕಟ್ಟು

ತೊಟ್ಟಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲವಿದ್ದರೆ ಅದರಲ್ಲೇ ಮಲಗಲು ಹೊರಡಬೇಡಿ, ಕಾಲು ಮಡಚಿಕೊಂಡೇ ರಾತ್ರಿ ಕಳೆಯಬೇಕಾಗುತ್ತದೆ. ತೊಟ್ಟಿಯ ಅಂಚಿನ ಮೇಲೆ ಕೂರುವ ಚೌಕಟ್ಟನ್ನು ಮೂಕಿಯ ಕಡೆಗೆ ಅರ್ಧ ಅಡಿ, ಚಕ್ರಗಳ ಮೇಲ್ಭಾಗದಲ್ಲಿ ಎರಡೂ ಪಕ್ಕಕ್ಕೆ ಮೂರು ಮೂರು ಅಂಗುಲ ಹೊರಚಾಚಿ ಮಾಡಿದರೆ ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಮಲಗುವ ಜಾಗ ಸಿಗುತ್ತದೆ. ತೊಟ್ಟಿಯ ಒಳಗಿನ ಜಾಗವೆಲ್ಲ ಹಾಸಿಗೆಯ ಅಡಿಯ ಉಗ್ರಾಣವಾಗುತ್ತದೆ. ಹಾಸಿಗೆಯಿಂದ ಮಾಡಿನವರೆಗೆ ಮೂರೂಕಾಲು ಅಡಿ ಇದ್ದರೆ ಕುಳಿತು ಅಂಗಿ ತೊಟ್ಟುಕೊಳ್ಳಬಹುದು. ನಿಲ್ಲುವಷ್ಟು ಎತ್ತರ ಮಾಡಬೇಡಿ. ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯಲ್ಲಿ ನದೀಮುಖಗಳ ಸೇತುವೆಗಳ ಮೇಲೆ ಅಡ್ಡಗಾಳಿ ಬೀಸುವಾಗ ಎತ್ತರದ ಗೂಡು ಹಾಯಿಯಂತೆ ಗಾಳಿ ಹಿಡಿಯುತ್ತದೆ.

ಕೆಳಗಿನ ಚೌಕ ಮತ್ತು ನಾಲ್ಕು ಕಂಬಗಳಿಗೆ 16 ಗೇಜು, ಉಳಿದ ಅಡ್ಡಪಟ್ಟಿ ಮತ್ತು ಮಾಡಿನ ಜಂತಿಗಳಿಗೆ 18 ಗೇಜು ಸಾಕು. ಮಾಡಿನ ಇಳುಕಲನ್ನು ಹಿಂದಕ್ಕೆ ಕೊಟ್ಟರೆ ನೀರೆಲ್ಲ ಅಡುಗೆ ಮಾಡುವವರ ನೆತ್ತಿಗೆ ಬೀಳುತ್ತದೆ. ಬಾಗಿಲನ್ನು ರಸ್ತೆಯಂಚಿನ ಕಡೆಗೆ, ಎಂದರೆ ಎಡಕ್ಕೆ ಇಟ್ಟು, ಮಾಡನ್ನು ಬಲಕ್ಕೆ ಮೂರು ಅಂಗುಲ ಇಳಿಸಿ. ಪ್ರತಿ ಪೈಪಿನ ತುದಿಯನ್ನೂ ಬೆಸುಗೆಯಿಂದಲೋ ರಬ್ಬರ್ ಮುಚ್ಚಳದಿಂದಲೋ ಮುಚ್ಚಬೇಕು. ತೆರೆದ ಪೈಪಿನೊಳಗೆ ಉಪ್ಪುಗಾಳಿ ಹೊಕ್ಕು ಒಳಗಿನಿಂದ ತಿನ್ನತೊಡಗಿದರೆ ಅದು ಹೊರಗೆ ಕಾಣುವ ಹೊತ್ತಿಗೆ ಪೈಪು ಮುಗಿದಿರುತ್ತದೆ. ಬೆಸುಗೆ ಮುಗಿದೊಡನೆ, ಅದೇ ದಿನ ಸಂಜೆಯೊಳಗೆ, ಪ್ರೈಮರ್ ಹೊಡೆಯಿರಿ. ಬೆಸುಗೆಯ ಜಾಗದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕೆಂಪು ಕಾಣಿಸಿಕೊಳ್ಳುವುದನ್ನು ಕುಮಟಾದಲ್ಲಿ ಕಣ್ಣಾರೆ ಕಂಡಿದ್ದೇನೆ.

ಹೊದಿಕೆ, ಸಂದು, ಸೋರಿಕೆ

ನನ್ನ ಮೊದಲ ಗಾಡಿ ಹಾಳಾದದ್ದು ಇಲ್ಲಿಯೇ. ಅಗ್ಗದ ಪ್ಲೈವುಡ್ಡಿಗೆ ಚೆನ್ನಾಗಿ ಬಣ್ಣ ಬಳಿದು, ಸಂದುಗಳಿಗೆಲ್ಲ ಸಿಲಿಕಾನ್ ತುಂಬಿ, ಜೂನ್ ಮೊದಲ ವಾರ ಕುಮಟಾದಲ್ಲಿರುವ ಅಕ್ಕನ ಮನೆಯ ಅಂಗಳದಲ್ಲಿ ನಿಲ್ಲಿಸಿ ಬಂದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಚೌತಿಗೆ ಹೋದಾಗ ಬಾಗಿಲು ತೆರೆದರೆ ಒಳಗಿನಿಂದ ಹಳೆಯ ಬಾವಿಯ ವಾಸನೆ ಬಂತು. ಹಾಸಿಗೆ ಎತ್ತಿದೆ, ಅದರ ಅಡಿಭಾಗ ಪೂರ್ತಿ ಬೂದು-ಹಸಿರು ಬೂಸ್ಟು ಹಿಡಿದಿತ್ತು. ನೆಲದ ಪ್ಲೈವುಡ್ಡಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಪದರಪದರವಾಗಿ ಒದ್ದೆ ರಟ್ಟಿನಂತೆ ಬಿಚ್ಚಿಕೊಂಡಿತು. ಮಾಡಿನಲ್ಲಿ ಒಂದೇ ಒಂದು ಕಡೆ, ಸ್ಕ್ರೂ ತಲೆಯ ಸುತ್ತ, ಸಿಲಿಕಾನ್ ಕೂದಲಿನಷ್ಟು ಬಿಟ್ಟಿತ್ತು. ನೀರು ಅಲ್ಲಿಂದ ಒಳಬಂದು, ಜಂತಿಯ ಗುಂಟ ಎರಡಡಿ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತಿತ್ತು. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುವ ವಿಷಯವೇ: ಸೋರುವ ಜಾಗ ಒಂದು, ಹನಿ ಬೀಳುವ ಜಾಗ ಇನ್ನೊಂದು.

ಅದರಿಂದ ಮೊದಲ ಪಾಠ, ಅಂಟನ್ನು ನಂಬಿ ಮಾಡು ಮಾಡಬಾರದು. ಆಕಾರವೇ ನೀರನ್ನು ಹೊರಹಾಕಬೇಕು. ಸೋಗೆ ಹೊದೆಸುವಾಗ ಸೂರಿನಿಂದ ಹಿಡಿದು ನೆತ್ತಿಯ ಕಡೆಗೆ ಹೋಗುತ್ತೇವೆ, ಮೇಲಿನದು ಕೆಳಗಿನದರ ಮೇಲೆ ಬರುತ್ತದೆ. ಇಲ್ಲಿಯೂ ಹಾಗೆಯೇ. ಮೊದಲು ನಾಲ್ಕು ಗೋಡೆಗಳ ಶೀಟು, ಅವುಗಳ ಮೇಲೆ ಎಲ್ಲ ಕಡೆ ಒಂದೂವರೆ ಅಂಗುಲ ಹೊರಚಾಚಿ ಕೆಳಕ್ಕೆ ಮಡಚಿದ ಮಾಡಿನ ಶೀಟು. ಮಾಡಿನ ನಡುವೆ ಜೋಡಣೆಯೇ ಬರದಂತೆ ಒಂದೇ ಹಾಳೆಯನ್ನು ಬಳಸಿ. ಐದು ಅಡಿ ಅಗಲದ ಎಸಿಪಿಯೂ ಸಿಗುತ್ತದೆ, ಅಂಗಡಿಯ ನಾಮಫಲಕ ಮಾಡುವವರಲ್ಲಿ ವಿಚಾರಿಸಿ. ಶೀಟಿನ ಒಳಮೈಗೆ ರೂಟರಿನಲ್ಲಿ ತೋಡು ಕೊರೆದು ಅಂಚನ್ನು ಮಡಚಿಕೊಡುವ ಕೆಲಸವೂ ಅವರಿಗೆ ನಿತ್ಯದ್ದು. ಮಾಡಿನ ಮೇಲ್ಮೈಗೆ ಒಂದು ಸ್ಕ್ರೂ ಕೂಡ ಹೊಡೆಯಬೇಡಿ. ಮಡಚಿದ ಅಂಚಿನ ಪಕ್ಕೆಯಿಂದ ಹೊಡೆದರೆ ಮಳೆಹನಿ ನೇರವಾಗಿ ಸ್ಕ್ರೂ ತಲೆಯ ಮೇಲೆ ಬೀಳುವುದಿಲ್ಲ.

ಎರಡನೆಯದು, ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದನ್ನೊಂದು ಬರಿಮೈಯಲ್ಲಿ ಮುಟ್ಟಬಾರದು. ಉಪ್ಪುನೀರಿನ ಪಸೆ ಅವೆರಡರ ನಡುವೆ ಸೇರಿದರೆ ಸಣ್ಣ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ. ಪೈಪಿಗೆ ಎರಡು ಕೋಟು ಬಣ್ಣ, ಅದರ ಮೇಲೆ ಎರಡೂ ಮೈಗೆ ಅಂಟುವ ಫೋಮ್ ಟೇಪು ಅಥವಾ ಪಿಯು (ಪಾಲಿಯುರೆಥೇನ್) ಸೀಲೆಂಟಿನ ಒಂದು ಗೆರೆ, ಅದರ ಮೇಲೆ ಶೀಟು. ಹೀಗೆ ಮಾಡಿದರೆ ಲೋಹಗಳ ನಡುವೆ ಪದರ ಉಳಿಯುತ್ತದೆ. ಹೊರಗೆ ಬರುವ ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. 304 ದರ್ಜೆಯದು ಘಟ್ಟದ ಮೇಲಿನವರಿಗೆ ಸಾಕು, ಕಡಲ ಬಳಿಯವರು 316 ದರ್ಜೆಯದನ್ನು ಕೇಳಿ ತರಿಸಿಕೊಳ್ಳಿ. ಪ್ರತಿಯೊಂದರಡಿ ರಬ್ಬರ್ ವಾಶರು ಇರಬೇಕು. ಶೀಟು ಬಿಸಿಲಿಗೆ ಹಿಗ್ಗುತ್ತದೆ: ಎಂಟು ಅಡಿಯ ಹಾಳೆ ಬೆಳಗಿನ ತಂಪಿನಿಂದ ಮಧ್ಯಾಹ್ನದ ಸುಡುಬಿಸಿಲಿಗೆ, ಎಂದರೆ ಮೇಲ್ಮೈಯಲ್ಲಿ ನಲವತ್ತು ಡಿಗ್ರಿ ವ್ಯತ್ಯಾಸಕ್ಕೆ, ಎರಡು ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಹಾಗಾಗಿ ಶೀಟಿನ ತೂತುಗಳನ್ನು ಸ್ಕ್ರೂಗಿಂತ ಎರಡು ಮಿ.ಮೀ. ದೊಡ್ಡದಾಗಿ ಕೊರೆಯಬೇಕು. ಇಲ್ಲದಿದ್ದರೆ ಶೀಟು ಉಬ್ಬಿ, ಸೀಲೆಂಟನ್ನು ತಾನೇ ಕಿತ್ತುಹಾಕುತ್ತದೆ.

ಬಾಗಿಲು ಮತ್ತು ಕಿಟಕಿಯ ಚೌಕಟ್ಟುಗಳ ಕೆಳಗೆ ಬ್ಯೂಟೈಲ್ ಟೇಪು ಹಾಕಿ. ಅದು ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುವುದರಿಂದ ದಾರಿಯ ಕುಲುಕಾಟಕ್ಕೆ ಬಿಡುವುದಿಲ್ಲ. ಬಾಗಿಲಿನ ಮೇಲೆ ಒಂದಂಗುಲದ ಎಲ್ ಪಟ್ಟಿಯನ್ನು ಸಣ್ಣ ಸೂರಿನಂತೆ ಅಂಟಿಸಿದರೆ ರಬ್ಬರ್ ಬೀಡಿಂಗಿಗೆ ಅರ್ಧ ಕೆಲಸ ಕಡಿಮೆ.

ಒಳಗಿನ ಕೆಲಸ ಶುರು ಮಾಡುವ ಮೊದಲು, ಪೈಪುಗಳು ಕಾಣುತ್ತಿರುವಾಗಲೇ, ನೀರಿನ ಪರೀಕ್ಷೆ ಮಾಡಬೇಕು. ಕತ್ತಲಾದ ಮೇಲೆ ಒಬ್ಬರು ಒಳಗೆ ಟಾರ್ಚು ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿನಿಂದ ತೋಟಕ್ಕೆ ನೀರು ಬಿಡುವ ಪೈಪಿನಲ್ಲಿ ಮೊದಲು ಗೋಡೆಯ ಕೆಳಭಾಗಕ್ಕೆ, ಆಮೇಲೆ ನಡುಭಾಗಕ್ಕೆ, ಕೊನೆಗೆ ಮಾಡಿಗೆ, ಪ್ರತಿಯೊಂದು ಕಡೆ ಹತ್ತು ನಿಮಿಷದಂತೆ ನೀರು ಬಿಡಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಯಾವ ಸಂದು ಸೋರುತ್ತಿದೆಯೆಂದು ತಿಳಿಯುವುದಿಲ್ಲ. ಒಳಗಿನ ಪೈಪುಗಳಿಗೆ ಮೊದಲೇ ಸೀಮೆಸುಣ್ಣದ ಪುಡಿ ಸವರಿದ್ದರೆ ನೀರು ಹರಿದ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಮೇಲ್ತುದಿಯೇ ಸೋರುವ ಜಾಗ. ಎರಡನೆಯ ಗಾಡಿಯಲ್ಲಿ ಈ ಪರೀಕ್ಷೆಗೆ ನಾನು ಮೂರು ಸಂಜೆ ಕೊಟ್ಟೆ, ಐದು ಜಾಗ ಸಿಕ್ಕಿದವು.

ನೆಲ, ಹಾಸಿಗೆ, ಗಾಳಿ

ನೆಲಕ್ಕೆ ಐಎಸ್ 710 ಎಂಬ ಗುರುತಿರುವ, ಎಂದರೆ ನೀರು ತಡೆಯುವ ಮರೀನ್ ಪ್ಲೈವುಡ್ಡನ್ನೇ ಕೇಳಿ. ಕತ್ತರಿಸಿದ ಅಂಚುಗಳೇ ನೀರು ಕುಡಿಯುವ ಬಾಯಿಗಳಾದ್ದರಿಂದ ಅಂಚಿಗೆ ಎಪಾಕ್ಸಿ ಅಥವಾ ಪಿಯು ಲೇಪನವನ್ನು ಮೂರು ಸಲ ಹಚ್ಚಿ, ಅಡಿಮೈಗೂ ಮೇಲ್ಮೈಗೂ ಎರಡೆರಡು ಸಲ.

ಹಾಸಿಗೆಯನ್ನು ನೇರವಾಗಿ ಪ್ಲೈವುಡ್ಡಿನ ಮೇಲೆ ಹಾಕಿದ್ದೇ ಮೊದಲ ಗಾಡಿಯಲ್ಲಿ ಬೂಸ್ಟಿಗೆ ಇನ್ನೊಂದು ಕಾರಣವಾಯಿತು. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರಿನಿಂದಲೂ ಮೈಯಿಂದಲೂ ಅರ್ಧ ಲೀಟರಿನಷ್ಟಾದರೂ ನೀರು ಆವಿಯಾಗಿ ಆ ಸಣ್ಣ ಗೂಡಿನೊಳಗೆ ಸೇರುತ್ತದೆ. ಅದು ಅತಿ ತಣ್ಣಗಿನ ಜಾಗ ಹುಡುಕಿಕೊಂಡು ಹೋಗಿ ನೀರಾಗುತ್ತದೆ, ಹಾಸಿಗೆಯ ಅಡಿಭಾಗ ಅಂಥ ಜಾಗ. ಅದಕ್ಕಾಗಿ ಹಾಸಿಗೆಯಡಿ ಒಂದಂಗುಲ ಸಂದು ಬಿಟ್ಟು ಪಟ್ಟಿಗಳ ಮಂಚ ಬೇಕು. ಇಲ್ಲಿ ನಾನು ಅಡಿಕೆ ದಬ್ಬೆಯನ್ನೇ (ಅಡಿಕೆ ಮರದ ಕಾಂಡದ ಸೀಳನ್ನೇ) ಬಳಸಿದೆ. ಬಲಿತ ಮರದ ದಬ್ಬೆಯನ್ನು ಒಳಗಿನ ತಿರುಳು ಪೂರ್ತಿ ಹೋಗುವಂತೆ ಕೆತ್ತಿ, ಎರಡಂಗುಲ ಅಗಲಕ್ಕೆ ಸೀಳಿ, ಅಟ್ಟದ ಮೇಲೆ ಎರಡು ತಿಂಗಳು ಒಣಗಿಸಿ, ಬೋರಿಕ್ ಆಮ್ಲ ಮತ್ತು ಬೋರಾಕ್ಸಿನ ದ್ರಾವಣದಲ್ಲಿ ನೆನೆಸಿ ಮತ್ತೆ ಒಣಗಿಸಿದರೆ ಹುಳು ಬೀಳುವುದು ತಪ್ಪುತ್ತದೆ. ದಬ್ಬೆಗೆ ಹದವಾದ ಬಾಗು ಇದೆ. ಹಲಗೆಯ ಮೇಲೆ ಮಲಗಿದಂತೆ ಬೆನ್ನು ಹಿಡಿಯುವುದಿಲ್ಲ. ಈ ಗಾಡಿಯಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಭಾಗ ಇದು.

ಗಾಳಿಗೆ ಎರಡು ಕಿಂಡಿಗಳು ಬೇಕೇ ಬೇಕು: ಒಂದು ತಗ್ಗಿನಲ್ಲಿ, ಕಾಲಿನ ಕಡೆ, ಇನ್ನೊಂದು ಎತ್ತರದಲ್ಲಿ, ತಲೆಯ ಕಡೆಯ ಗೋಡೆಯಲ್ಲಿ, ಮಾಡಿನ ಸೂರಿನಡಿ. ಬಿಸಿಗಾಳಿ ಮೇಲಿಂದ ಹೊರಹೋದಂತೆ ತಂಪು ಕೆಳಗಿನಿಂದ ಬರುತ್ತದೆ. ಎರಡಕ್ಕೂ ಒಳಗಿನಿಂದ ಸೊಳ್ಳೆಜಾಲರಿ, ಹೊರಗಿನಿಂದ ಕೆಳಮುಖದ ಮುಚ್ಚಳ. ಮೇಲಿನ ಕಿಂಡಿಗೆ ಕಂಪ್ಯೂಟರಿನೊಳಗೆ ಬಳಸುವ 120 ಮಿ.ಮೀ.ಯ 12 ವೋಲ್ಟಿನ ಫ್ಯಾನು ಕೂರಿಸಿದರೆ ಮೂರು ವಾಟಿನಲ್ಲಿ ಇಡೀ ರಾತ್ರಿ ಗಾಳಿ ಎಳೆಯುತ್ತದೆ. ಮಳೆ ಜೋರಾಗಿದೆಯೆಂದು ಎರಡನ್ನೂ ಮುಚ್ಚಿ ಮಲಗಬಾರದು.

ಮಾಡಿನ ಒಳಮೈಗೆ 25 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಹಾಳೆಯನ್ನು ಜಂತಿಗಳ ನಡುವೆ ಬಿಗಿಯಾಗಿ ಕತ್ತರಿಸಿ ಕೂರಿಸಿ, ಬರಿಯ ಪೈಪು ಕಾಣುವಲ್ಲೆಲ್ಲ ತೆಳು ನೈಟ್ರೈಲ್ ಫೋಮಿನ ಪಟ್ಟಿ ಸುತ್ತಿ. ಇಲ್ಲದಿದ್ದರೆ ಶಿರಸಿಯ ಡಿಸೆಂಬರಿನ ಬೆಳಗಿನ ಜಾವ ಆ ಪೈಪುಗಳೇ ಬೆವರುತ್ತವೆ. ಹೊರಗಿನ ಮಾಡು ಬಿಳಿಯಾಗಿರಲಿ.

ವಿದ್ಯುತ್ತು ಮತ್ತು ಅಡುಗೆ

ಇದನ್ನು ಬಹಳ ದೊಡ್ಡದು ಮಾಡುವವರಿದ್ದಾರೆ, ನನಗೆ ಅಗತ್ಯ ಕಂಡಿಲ್ಲ. ಸಣ್ಣ ಡಿಸಿ ಫ್ಯಾನು 15 ವಾಟಿನಂತೆ ಎಂಟು ಗಂಟೆ, ಕಿಂಡಿಯ ಫ್ಯಾನು ಹತ್ತು ಗಂಟೆ, ಐದು ವಾಟಿನ ಎಲ್‌ಇಡಿ ನಾಲ್ಕು ಗಂಟೆ, ಎರಡು ಫೋನು. ಎಲ್ಲ ಸೇರಿ ರಾತ್ರಿಗೆ 200 ವಾಟ್-ಅವರ್ ಆಗುತ್ತದೆ. 12.8 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 640 ವಾಟ್-ಅವರ್ ಇರುತ್ತದೆ, ಎಂದರೆ ಎರಡು ರಾತ್ರಿ ನಿಶ್ಚಿಂತೆ. ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಬಿದ್ದಿದೆಯೆಂದು ಅದನ್ನೇ ತುರುಕಬೇಡಿ, ಅದೊಂದೇ 50 ಕಿಲೋ ಮೀರುತ್ತದೆ. ಜೊತೆಗೆ ಚಾರ್ಜಾಗುವಾಗ ಸಿಡಿಯುವ ಅನಿಲವನ್ನು ಬಿಡುವ ವಸ್ತುವನ್ನು ಮಲಗುವ ಗೂಡಿನೊಳಗೆ ಇಡಬಾರದು. ಬ್ಯಾಟರಿಯ ಧನ ತಂತಿಗೆ ಒಂದು ಗೇಣಿನೊಳಗೇ ಫ್ಯೂಸ್ ಇರಬೇಕು, 2.5 ಚದರ ಮಿ.ಮೀ. ತಾಮ್ರದ ತಂತಿಗೆ 15 ಆಂಪಿಯರಿನದು ಸರಿ. ತಂತಿ ಕಬ್ಬಿಣದ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ ಹಾಕಿ.

ಅಡುಗೆಯನ್ನು ಗೂಡಿನೊಳಗೆ ಮಾಡಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಹಾಸಿಗೆಯಡಿಯ ತೊಟ್ಟಿಯಲ್ಲಿ ನೀರಿನಂತೆ ನಿಲ್ಲುತ್ತದೆ, ಮುಚ್ಚಿದ ಜಾಗದಲ್ಲಿ ಉರಿದ ಒಲೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ತೊಟ್ಟಿಯ ಹಿಂಬಾಗಿಲನ್ನು ಸರಪಳಿಯಿಂದ ಮಟ್ಟವಾಗಿ ನಿಲ್ಲಿಸಿದರೆ ಅದೇ ಅಡುಗೆಕಟ್ಟೆ. ಮೇಲೆ ಎತ್ತಿ ನಿಲ್ಲಿಸಿದ ಗೂಡಿನ ಹಿಂದಿನ ಬಾಗಿಲೇ ಅದಕ್ಕೆ ಸೂರು. ಸಿಲಿಂಡರಿಗೆ ಮೂಕಿಯ ಮೇಲೆ, ತಳದಲ್ಲಿ ತೂತಿರುವ ಪ್ರತ್ಯೇಕ ಪೆಟ್ಟಿಗೆ ಮಾಡಿ.

ಮೂಕಿಯ ಭಾರ, ಮೊದಲ ಪ್ರಯಾಣ

ಎತ್ತಿನಗಾಡಿ ಹೊಡೆದವರಿಗೆ ಇದನ್ನು ಹೇಳಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಮುರಿಯುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದ ಹತ್ತರಲ್ಲೊಂದು ಭಾಗ ಮೂಕಿಯ ಮೇಲಿರಬೇಕು. ನನ್ನ ಗಾಡಿಗೆ 37ರಿಂದ 40 ಕಿಲೋ. ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರವನ್ನು ನೆಲದ ಮೇಲಿಟ್ಟು, ಮೂಕಿ ಕೊಕ್ಕೆಯ ಎತ್ತರಕ್ಕೆ ಬರುವಂತೆ ಒಂದು ಮರದ ತುಂಡು ನಿಲ್ಲಿಸಿ, ಟ್ರೇಲರು ಮಟ್ಟವಾಗಿರುವಾಗ ಅದರ ಮೇಲೆ ಇಳಿಸಿದರೆ ಅಂಕಿ ಸಿಗುತ್ತದೆ. ಒಟ್ಟು ತೂಕವನ್ನು ಪೇಟೆಯ ವೇಬ್ರಿಜ್ಜಿನಲ್ಲಿ ನೋಡಿಸಿ. ಮೂಕಿಯ ಭಾರ ಕಡಿಮೆಯಾದ ಟ್ರೇಲರು ಇಳಿಜಾರಿನಲ್ಲಿ ವೇಗ ಹಿಡಿದೊಡನೆ ಬಾಲ ಆಡಿಸತೊಡಗುತ್ತದೆ, ಒಮ್ಮೆ ಆಡತೊಡಗಿದರೆ ಮುಂದಿನ ವಾಹನವನ್ನೂ ಎಳೆದೊಯ್ಯುತ್ತದೆ. ಅಂಥ ಹೊತ್ತಿನಲ್ಲಿ ಸ್ಟೀರಿಂಗ್ ತಿರುವದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿದಿರಬೇಕು. ನೀರಿನ ಕ್ಯಾನು, ಬ್ಯಾಟರಿಯಂಥ ಭಾರದವು ಆಕ್ಸಲ್ಲಿನ ತುಸು ಮುಂದೆ, ಆದಷ್ಟು ತಗ್ಗಿನಲ್ಲಿರಲಿ. ಎರಡು ಸುರಕ್ಷಾ ಸರಪಳಿಗಳನ್ನು ಮೂಕಿಯಡಿ ಒಂದಕ್ಕೊಂದು ಅಡ್ಡವಾಗಿ ದಾಟಿಸಿ ಹಾಕಿ; ಕೊಕ್ಕೆ ಕಳಚಿದರೂ ಮೂಕಿ ರಸ್ತೆಗೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ಓಡುವ ಟ್ರೇಲರಿನೊಳಗೆ ಯಾರೂ ಕೂರಬಾರದು, ಮಕ್ಕಳಂತೂ ಸರ್ವಥಾ ಕೂಡದು.

ಮೊದಲ ಪ್ರಯಾಣ ಘಟ್ಟಕ್ಕಲ್ಲ, ಹತ್ತು ಕಿಲೋಮೀಟರು ಮಟ್ಟದ ರಸ್ತೆಗೆ. ನಿಲ್ಲಿಸಿ ಎರಡೂ ಹಬ್ಬುಗಳ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗನ್ನು ಅತಿಯಾಗಿ ಬಿಗಿದಿದ್ದೀರಿ. ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟವನ್ನೋ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟವನ್ನೋ ಇಳಿಯುವಾಗ ಏರಲು ಯಾವ ಗೇರು ಬೇಕಿತ್ತೋ ಅದಕ್ಕಿಂತಲೂ ಒಂದು ಕಡಿಮೆ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಒತ್ತಿಯೇ ಇಡದೆ ಆಗಾಗ ಒತ್ತಿ ಬಿಡಿ. ತಿರುವಿನಲ್ಲಿ ಟ್ರೇಲರಿನ ಚಕ್ರ ವಾಹನದ ಚಕ್ರಕ್ಕಿಂತ ಒಳಗೆ ಹಾಯುತ್ತದೆ, ಅದಕ್ಕೆ ಜಾಗ ಬಿಟ್ಟುಕೊಳ್ಳಿ.

ನಿಲ್ಲಿಸುವ ಜಾಗದ ವಿಷಯದಲ್ಲಿ ಮಳೆಗಾಲಕ್ಕೊಂದು ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ: ಗುಡ್ಡ ಕೊರೆದ ರಸ್ತೆಯ ಬದಿಯಲ್ಲಿ ಹತ್ತು ನಿಮಿಷವೂ ನಿಲ್ಲಿಸುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿಯ ಬದಿಯಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ್ದನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಕಡಲತೀರದ ಮರಳಿಗೆ ಇಳಿಸುವುದೂ ಬೇಡ. ಚಕ್ರ ಹೂಳುತ್ತದೆ ಎಂಬುದು ಒಂದು ಕಾರಣ. ಹೊನ್ನಾವರದ ಕಾಸರಕೋಡು ಟೊಂಕದಂಥ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸಿದ್ದಾಪುರದ ಕಡೆಯ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯವಿರುವುದರಿಂದ, ಆ ದಿನಗಳಲ್ಲಿ ತರಗೆಲೆಯ ಮೇಲೆ ಚಾಪೆ ಹಾಸದೆ, ಪರಿಚಯದವರ ಮನೆಯಂಗಳದಲ್ಲಿ ಕೇಳಿಕೊಂಡು ನಿಲ್ಲಿಸುವುದು ಕ್ಷೇಮ.

ಕಡಲ ಬದಿಯಿಂದ ಮನೆಗೆ ಮರಳಿದ ದಿನವೇ, ದಣಿವಾಗಿದ್ದರೂ ಸರಿ, ಬಾವಿಯ ಸಿಹಿನೀರಿನಲ್ಲಿ ಚಾಸಿಯ ಅಡಿ, ಪಾಟಾ, ಕೊಕ್ಕೆ ಮತ್ತು ಬಿಜಾಗರಿಗಳನ್ನು ತೊಳೆಯಿರಿ. ಆಮೇಲೆ ಹಾಸಿಗೆಯನ್ನು ಎತ್ತಿ ಗೋಡೆಗೊರಗಿಸಿ, ಎರಡೂ ಕಿಂಡಿಗಳನ್ನು ತೆರೆದು, ತೊಟ್ಟಿಯ ತೂತುಗಳಿಂದ ನೀರು ಇಳಿದುಹೋಗುವಂತೆ ಮೂಕಿಯನ್ನು ಒಂದು ಗೇಣು ಎತ್ತರದ ಕಲ್ಲಿನ ಮೇಲಿಟ್ಟು, ಚಕ್ರಗಳಿಗೆ ಅಡೆಗಲ್ಲು ಕೊಡಿ.